ಕಿಲುಬಿನೊಳಗಿನ ಗಿಲಕಿ

ಜನವರಿ ೧೧

ಪ್ರೀತಿಯ ಅಣ್ಣ,

ಈ ಪತ್ರದ ಜೊತೆಗೆ ಬರುವ ಡಬ್ಬಿಯ ಮೇಲೆ ಬಿಸ್ಕತ್ತಿನ ಚಿತ್ರವಿದೆ. ಅತ್ತಿಗೆ ಆಸೆಯಿಂದ ಮುಚ್ಚಳ ತೆಗೆದಾರು, ಮೊದಲೇ ಹೇಳಿಬಿಡು: ಒಳಗಿರುವುದು ಕಿಲುಬು ಹಿಡಿದ ಒಂದು ಗಡ್ಡೆ. ನಮ್ಮ ಅಳತೆಗಾರರು ರಜೆಗೆಂದು ನಿಮ್ಮ ಊರಿಗೆ ಹೊರಟಿದ್ದಾರೆ. ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದು, ನಿನ್ನ ಮ್ಯೂಸಿಯಂ ಬಾಗಿಲಲ್ಲಿ ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ.

ಸಿಕ್ಕಿದ್ದು ಹೀಗೆ. ನಮ್ಮ ಅಗೆತದಲ್ಲಿ, ಹೊಳೆಯ ಕಡೆಗಿನ ಗುಂಡಿಯಲ್ಲಿ ಒಂದು ಮಗುವಿನ ಸಮಾಧಿ ಬಂತು. ಬಹಳ ಪುಟ್ಟದು, ಹಲ್ಲು ನೋಡಿದರೆ ಎರಡು ವರ್ಷ ತುಂಬಿತ್ತೋ ಇಲ್ಲವೋ. ಮೊಣಕಾಲು ಮಡಚಿಕೊಂಡು ಬಲಕ್ಕೆ ಹೊರಳಿ ಮಲಗಿದೆ. ಬ್ರಷ್ಷಿನಿಂದ ಮಣ್ಣು ಸರಿಸುತ್ತಾ ಕೈಯ ಹತ್ತಿರ ಬಂದೆ. ಬೆರಳಿನ ಮೂಳೆಗಳೆಲ್ಲ ಹಸಿರು! ಕಂಚಿನ ಹಸಿರು ಮೂಳೆಗೇ ಇಳಿದಿತ್ತು. ಪಕ್ಕದಲ್ಲೇ ಈ ಗಡ್ಡೆ. ಟೇಪು ಹಿಡಿದು ಬಗ್ಗಿದ್ದ ಅಳತೆಗಾರರು ಹಾಗೇ ನಿಂತುಬಿಟ್ಟು, “ಮೇಡಂ, ಇದು ಏನನ್ನೋ ಹಿಡ್ಕೊಂಡೇ ಮಲಗಿದೆ ನೋಡಿ” ಅಂದರು.

ಒಳಗೇನಿದೆಯೋ ಎಕ್ಸ್‌ರೇ ತೆಗೆದು ನೋಡು. ಆಮೇಲೆ ನೀನೇ ಕೂತು ಕಿಲುಬು ಬಿಡಿಸು. ನಿನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಇದನ್ನು ಕೊಡಲು ನನಗೆ ಮನಸ್ಸಿಲ್ಲ. ಅವಸರ ಏನೂ ಇಲ್ಲ, ಆದರೂ ಸ್ವಲ್ಪ ಬೇಗ.

ಇಲ್ಲಿ ಎಲ್ಲ ಸುಸೂತ್ರ. ನೀನು ಬೇಡವೆಂದರೂ ಹಟ ಹಿಡಿದು ಬಂದ ಕೆಲಸ. ಚೆನ್ನಾಗಿಲ್ಲವೆಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು!

ಮಣ್ಣು ಕೆದಕುತ್ತಿರುವ
ನಿನ್ನ ಹೆಗ್ಗಣ


ಜನವರಿ ೨೩

ಹೆಗ್ಗಣವೇ,

ಡಬ್ಬಿ ಕ್ಷೇಮವಾಗಿ ತಲುಪಿತು. ನಿಮ್ಮ ಅಳತೆಗಾರರು ಅದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಂದರು. ಬಾಗಿಲಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದರೆ, ಡಬ್ಬಿ ಕೆಳಗಿಟ್ಟು ಜೇಬಿಗೆ ಕೈಹಾಕಲು ಒಪ್ಪಲೇ ಇಲ್ಲವಂತೆ.

ನಮ್ಮ ಎಕ್ಸ್‌ರೇ ಕೋಣೆ ನೀನು ನೋಡಿದ್ದೀಯಲ್ಲ, ನೆಲಮಾಳಿಗೆಯಲ್ಲಿ, ಸೀಸದ ಬಾಗಿಲಿನದು. ಅಲ್ಲಿ ಎಕ್ಸ್‌ರೇ ಮೇಡಂ ಹೇಳಿದ್ದೇ ಕಾನೂನು. ನಾನು ಗಡ್ಡೆ ಎತ್ತಿಡಲು ಹೋದರೆ, “ಸರ್, ನೀವು ಕೂತ್ಕೊಳ್ಳಿ, ನಾನು ಇಡ್ತೀನಿ” ಎಂದು ನನ್ನನ್ನು ಸ್ಟೂಲಿಗೆ ಕಳಿಸಿದರು. ಮೊದಲ ಚಿತ್ರದಲ್ಲಿ ಬರೀ ಮೋಡ. ಕಿರಣದ ಜೋರು ಹೆಚ್ಚಿಸಿ, ಗಡ್ಡೆಯನ್ನು ಮಗ್ಗುಲಾಗಿಸಿ ಇನ್ನೊಂದು ತೆಗೆದೆವು. ಆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಮೇಡಂ ಇದ್ದಕ್ಕಿದ್ದ ಹಾಗೆ ಕೂಗಿಕೊಂಡರು.

“ಸರ್, ಇದಕ್ಕೆ ಕೊಕ್ಕಿದೆ!”

“ಏನಿದೆ?”

“ಕೊಕ್ಕು ಸರ್, ಕೊಕ್ಕು! ಬನ್ನಿ ಇಲ್ಲಿ!”

ಹಕ್ಕಿ ಕಣೇ, ಹಕ್ಕಿ! ಮಗುವಿನ ಮುಷ್ಟಿಯಲ್ಲಿ ಹಿಡಿಸುವಷ್ಟು. ಕತ್ತನ್ನು ತುಸು ಹಿಂದಕ್ಕೆ ತಿರುಗಿಸಿ ಯಾರು ಕರೆದರೆಂದು ನೋಡುವ ಹಾಗಿದೆ. ಹೊಟ್ಟೆ ಟೊಳ್ಳು, ಅದರೊಳಗೆ ಪುಟಾಣಿ ಕಲ್ಲುಗಳು. ಅಂದರೆ ಗಿಲಕಿ. ಸುಮಾರು ಹೊತ್ತು ನಾವಿಬ್ಬರೂ ಪೆದ್ದರ ಹಾಗೆ ನಗುತ್ತಾ ನಿಂತಿದ್ದೆವು.

ಈಗ ಕಹಿ ಮಾತು. ಎಕ್ಸ್‌ರೇಯಲ್ಲಿ ಗಟ್ಟಿ ಲೋಹ ಬೆಳ್ಳಗೆ ಬರುತ್ತದೆ. ಈ ಹಕ್ಕಿಯಲ್ಲಿ ಬೆಳ್ಳಗಿರುವುದು ಬಾಲದ ತುದಿ, ಬೆನ್ನಿನ ಮೇಲೊಂದು ಎಳೆ, ಅಷ್ಟೇ. ಉಳಿದದ್ದೆಲ್ಲ ಬೂದು. ಕಂಚೆಲ್ಲ ಕಿಲುಬಾಗಿಹೋಗಿದೆ, ಒಳಗಿನ ಕಿಲುಬಿಗೂ ಹೊರಗಿನ ಕಿಲುಬಿಗೂ ನಡುವೆ ಕಾಗದದಷ್ಟು ತೆಳುವಾಗಿ ಅದರ ಆಕಾರ ಉಳಿದುಕೊಂಡಿದೆ. ಕತ್ತಿನ ಸುತ್ತ ಒಂದು ಕಪ್ಪು ಗೆರೆಯಿದೆ. ಅದು ಬಿರುಕು. ಸುತ್ತಲಿನ ಗಡ್ಡೆ ಹಿಡಿದುಕೊಂಡಿರುವುದರಿಂದ ತಲೆ ನಿಂತಿದೆ. ಗಡ್ಡೆಯ ಅಡಿಯಲ್ಲಿ ತಿಳಿಹಸಿರು ಪುಡಿಯೂ ಕಂಡಿತು. ಅದು ಕಂಚಿಗೆ ಹಿಡಿಯುವ ರೋಗ, ತೇವ ತಾಗಿದರೆ ಗೆದ್ದಲಿನ ಹಾಗೆ ತಿನ್ನುತ್ತಾ ಹೋಗುತ್ತದೆ. ಒಣ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಫಿಲ್ಮಿನ ಪ್ರತಿ ಕಳಿಸುತ್ತಿದ್ದೇನೆ. ಬಿಡಿಸುವ ಮಾತು ಈಗ ಬೇಡ. ತಡಿ.

ಅಣ್ಣ


ಫೆಬ್ರುವರಿ ೨

ಪ್ರೀತಿಯ ಅಣ್ಣ,

ನಿನ್ನ ಫಿಲ್ಮು ಬಂದ ದಿನ ಇಲ್ಲಿ ಯಾರೂ ಗುದ್ದಲಿ ಮುಟ್ಟಲಿಲ್ಲ. ಡೇರೆಯ ಬಾಯಲ್ಲಿ ಬಿಸಿಲಿಗೆ ಹಿಡಿದು ಒಬ್ಬೊಬ್ಬರಾಗಿ ನೋಡಿದರು. ಅಡುಗೆಯಾಕೆ ಎರಡು ಸಲ ಸಾಲಿನಲ್ಲಿ ನಿಂತರು. “ಅಮ್ಮ ಅನ್ನೋಳು ಮಣ್ಣಿಗೂ ಆಟದ ಸಾಮಾನು ಕೊಟ್ಟು ಕಳಿಸಿದಾಳಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಹತ್ತಿರ ಹೋದರು. ಅವತ್ತಿನ ಊಟಕ್ಕೆ ಉಪ್ಪಿರಲಿಲ್ಲ, ಯಾರೂ ಗೊಣಗಲಿಲ್ಲ.

ಅಣ್ಣ, ಮಾರ್ಚ್ ಮೊದಲಿಗೆ ಕೆಲವು ದೊಡ್ಡವರು ಇಲ್ಲಿಗೆ ಬರುವವರಿದ್ದಾರೆ. ವಿಶೇಷವೇನಿಲ್ಲ, ಸುಮ್ಮನೆ ನೋಡಿಕೊಂಡು ಹೋಗಲು. ಅಷ್ಟರೊಳಗೆ ಇಡೀ ಹಕ್ಕಿ ಬೇಡ, ತಲೆಯೊಂದು ಹೊರಗೆ ಬಂದರೂ ಸಾಕು. ಗಡ್ಡೆಯೊಳಗಿಂದ ಇಣುಕುವ ಹಾಗೆ. ಬೂದು ಫಿಲ್ಮು ತೋರಿಸಿದರೆ ಅವರಿಗೆ ಏನು ತಿಳಿಯುತ್ತದೆ? ನಿನ್ನ ಸೂಜಿಮೊನೆಯ ಅಲಗು, ನಿನ್ನ ಮೈಕ್ರೋಸ್ಕೋಪು, ನಿನ್ನ ಉಸಿರು ಕಟ್ಟಿದ ಮೌನ, ಎಲ್ಲ ನನಗೆ ಗೊತ್ತು. ನೀನು ಮನಸ್ಸು ಮಾಡಿದರೆ ಆಗುತ್ತದೆ.

ದಮ್ಮಯ್ಯ ಅಂತೀನಿ, ಇಲ್ಲ ಅನ್ನಬೇಡ.

ಹೆಗ್ಗಣ


ಫೆಬ್ರುವರಿ ೧೨

ತಂಗಿಗೆ,

ಪತ್ರ ತಲುಪಿತು. ಗಡ್ಡೆಯನ್ನು ಬಿಡಿಸಲು ಆಗುವುದಿಲ್ಲ. ಲೋಹ ಉಳಿದಿಲ್ಲ, ಕತ್ತಿನ ಬಿರುಕು ಪೂರ್ತಿ ಸುತ್ತು ಬಂದಿದೆ ಎಂದು ಹೊಸ ಚಿತ್ರಗಳಲ್ಲಿ ಖಚಿತವಾಗಿದೆ. ಎಕ್ಸ್‌ರೇ ಚಿತ್ರಗಳನ್ನು ದೊಡ್ಡದು ಮಾಡಿಸಿ ಕಳಿಸುತ್ತೇನೆ. ಬರುವವರಿಗೆ ಅವನ್ನೇ ತೋರಿಸುವುದು ಒಳ್ಳೆಯದು. ವಸ್ತು ಒಣ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದೆ.

ಇಲ್ಲಿ ಎಲ್ಲರೂ ಕ್ಷೇಮ.

ಅಣ್ಣ


ಫೆಬ್ರುವರಿ ೧೯

ಅಣ್ಣ,

ನಿನ್ನ ಟೈಪು ಮಾಡಿದ ಪತ್ರ ಬಂತು. ಒಡಹುಟ್ಟಿದವಳಿಗೆ ನಾಲ್ಕು ಸಾಲು ಕೈಯಲ್ಲಿ ಬರೆಯಲೂ ಪುರುಸೊತ್ತಿಲ್ಲವೆಂದು ತಿಳಿಯಿತು. ಕೆಳಗೆ ಸಹಿಯೂ ಇಲ್ಲ. ಒಂದು ರಬ್ಬರ್ ಸ್ಟಾಂಪು ಹಾಕಿದ್ದರೆ ನಿನ್ನ ಕಚೇರಿಯ ಗೋಡೆಗೇ ಅಂಟಿಸಬಹುದಿತ್ತು. ‘ವಸ್ತು’ವಂತೆ!

ಓದಲು ಹೊರಗೆ ಹೋಗುತ್ತೇನೆಂದಾಗ ‘ತಡಿ’ ಎಂದೆ. ಮದುವೆ ಬೇಡವೆಂದಾಗ ‘ತಡಿ, ಯೋಚನೆ ಮಾಡು’ ಎಂದೆ. ಈ ಕೆಲಸದ ಆದೇಶ ಕೈಗೆ ಬಂದಾಗಲೂ ಅದೇ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ನೀನು, ಅದನ್ನು ನಾನು ಮರೆತಿಲ್ಲ. ಆದರೆ ನಾನು ತಲೆಯೆತ್ತಿ ನಿಲ್ಲುವ ಹೊತ್ತಿಗೆಲ್ಲ ನಿನ್ನ ಕೈ ನನ್ನ ಹೆಗಲ ಮೇಲೆ ಇದ್ದೇ ಇರುತ್ತದೆ. ಬೀಳದಂತೆ ಹಿಡಿಯಲೋ, ಏಳದಂತೆ ಒತ್ತಲೋ, ನನಗೆ ಈಗ ಗೊತ್ತಾಗುತ್ತಿಲ್ಲ.

ಇದಕ್ಕಿಂತ ಚಿಂದಿಯಾದ ಕಂಚು ನಿನ್ನ ಕೈಯಲ್ಲಿ ಬದುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಮನಸ್ಸಿಲ್ಲ ಎಂದು ಬರೆ, ಆಗುವುದಿಲ್ಲ ಎಂದು ಬರೆಯಬೇಡ. ನನ್ನ ಗುಂಡಿಯಲ್ಲಿ ಸಿಕ್ಕಿದ್ದು ನಿನ್ನ ಬೀಗದೊಳಗೇ ಇರಲಿ ಎಂದು ನಿನಗಿದ್ದರೆ, ಅದೂ ಆಗುವ ಮಾತಲ್ಲ. ಗಡ್ಡೆಯನ್ನು ವಾಪಸು ಕಳಿಸು. ಇಲಾಖೆಯ ನಿರ್ದೇಶಕರಿಗೂ ಬರೆದಿದ್ದೇನೆ.

ನಿನ್ನ ತಂಗಿ


ಫೆಬ್ರುವರಿ ೨೬

ತಂಗಿಗೆ,

ನಿರ್ದೇಶಕರ ಆದೇಶ ಬಂತು. ಗಡ್ಡೆಯನ್ನು ಕಳಿಸುತ್ತಿದ್ದೇನೆ. ಎಕ್ಸ್‌ರೇ ಮೇಡಂ ತಾವೇ ಪ್ಯಾಕು ಮಾಡಿದ್ದಾರೆ. ತೇವ ಹೀರುವ ಹರಳಿನ ಪೊಟ್ಟಣಗಳು ಬಣ್ಣ ತಿರುಗಿದ ಕೂಡಲೇ ಬದಲಾಯಿಸು. ಅಲಗು, ನೀರು, ಆಸಿಡ್ಡು ಯಾವುದೂ ಅದರ ಹತ್ತಿರ ಸುಳಿಯಬಾರದು. ಯಾರು ಏನೇ ಹೇಳಲಿ, ಕತ್ತಿನ ಸುತ್ತಲಿನ ಕಿಲುಬನ್ನು ಮುಟ್ಟಬೇಡಿ.

ನೀನು ಬರೆದದ್ದರಲ್ಲಿ ಕೆಲವು ನಿಜ. ಒಂದು ನಿಜವಲ್ಲ. ಅದನ್ನು ಹೇಳಬೇಕೆಂದಿದ್ದೆ, ಇರಲಿ, ಇನ್ನೊಮ್ಮೆ ಯಾವಾಗಲಾದರೂ.

ಅಣ್ಣ


ಏಪ್ರಿಲ್ ೧೭

ಅಣ್ಣ,

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಈಗಲೂ ಇಲ್ಲ. ಆದರೆ ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ.

ಮೊದಲು, ನಾನು ಹೇಳದೆ ಬಿಟ್ಟದ್ದು. ದೊಡ್ಡವರು ಬಂದದ್ದು ಸುಮ್ಮನೆ ನೋಡಿಹೋಗಲು ಅಲ್ಲ. ನಮ್ಮ ಗುಂಡಿಗಳ ಮೇಲೆ ಹೊಸ ರಸ್ತೆ ಹಾದುಹೋಗುವುದೆಂದು ನಕ್ಷೆಯಾಗಿದೆ. ಅಗೆತವನ್ನು ಇನ್ನೊಂದು ವರ್ಷ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವ ಸಮಿತಿ ಅದು. ನಿನಗೆ ಬರೆದಿದ್ದರೆ, ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನುತ್ತೀಯ ಎಂದುಕೊಂಡೆ. ಆ ಒಂದು ಮಾತು ಕೇಳಬಾರದೆಂದು ಎಲ್ಲ ಸುಸೂತ್ರವೆಂದು ಬರೆದೆ.

ಇಲ್ಲಿ ಹತ್ತಿರದ ಪಟ್ಟಣದಲ್ಲಿ ಹಳೆಯ ಪ್ರತಿಮೆಗಳನ್ನು ತೊಳೆದು ಹೊಳಪು ಕೊಡುವವರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಪಾಲಿಶ್ ಸಾಹೇಬರು ಎನ್ನುತ್ತಾರೆ. ಅವರನ್ನು ಕರೆಸಿದೆ. ನಿನ್ನ ಫಿಲ್ಮು ತೋರಿಸಿದೆ, ಕತ್ತಿನ ಗೆರೆಯನ್ನೂ ತೋರಿಸಿದೆ. ಅವರು ಒರಟರಲ್ಲ ಅಣ್ಣ, ನಿಧಾನವಾಗಿಯೇ ಮಾಡಿದರು. ಸಮಿತಿ ಬರುವ ಹಿಂದಿನ ದಿನ ಊಟದ ಹೊತ್ತಿಗೆ ತಲೆ ಹೊರಗೆ ಬಂತು. ಕಣ್ಣಿಗೆ ಎರಡು ಸುತ್ತಿನ ಗೆರೆ ಕೊರೆದಿತ್ತು. ಕೊಕ್ಕು ಸ್ವಲ್ಪ ತೆರೆದಿತ್ತು. ಅದು ಎಕ್ಸ್‌ರೇಯಲ್ಲಿ ಕಂಡಿರಲಿಲ್ಲ. ಅಷ್ಟು ಮುದ್ದಾದ ಮುಖವನ್ನು ನಾನು ಯಾವ ಕಂಚಿನಲ್ಲೂ ನೋಡಿಲ್ಲ.

ಸಾಹೇಬರು ಅಲಗು ಕೆಳಗಿಟ್ಟು, “ಇಷ್ಟು ಸಾಕಾ ಮೇಡಂ? ಮುಂದಕ್ಕೆ ಹೋಗ್ಲಾ?” ಎಂದು ಕೇಳಿದರು.

ಸಾಕು ಎಂದಿದ್ದರೆ ಮುಗಿಯುತ್ತಿತ್ತು. ನಿನ್ನಲ್ಲಿ ಬೇಡಿಕೊಂಡದ್ದೂ ತಲೆಯನ್ನಷ್ಟೇ. ಆದರೆ ನಾನು, “ಇನ್ನು ಸ್ವಲ್ಪ, ಹೆಗಲು ಕಾಣೋವಷ್ಟು” ಎಂದೆ.

ಸದ್ದೇನೂ ಆಗಲಿಲ್ಲ. ತಲೆ ಮೆಲ್ಲಗೆ ಒಂದು ಕಡೆಗೆ ವಾಲಿತು. ಸಾಹೇಬರು ಬೆರಳು ಅಡ್ಡ ಹಿಡಿದರು. ಆ ಬೆರಳಿನ ಮೇಲೇ ಪುಡಿಯಾಯಿತು. ಹೊಟ್ಟೆ ಬಾಯಿಬಿಟ್ಟು ಕಲ್ಲುಗಳು ಮೇಜಿನ ಮೇಲೆ ಉರುಳಿದವು. ನಾನು ಅವನ್ನು ಅಂಗೈಯಿಂದ ತಡೆಯಲು ಹೋಗಿ ಬಾಲವನ್ನೂ ಮುರಿದೆ. ಸಾಹೇಬರು ಆಮೇಲೆ ಕೂಲಿಯ ಮಾತೇ ಎತ್ತದೆ ಚೀಲ ಹೆಗಲಿಗೇರಿಸಿ ನಡೆದುಬಿಟ್ಟರು.

ಮರುದಿನ ಸಮಿತಿ ಬಂತು. ನಿನ್ನ ದೊಡ್ಡ ಎಕ್ಸ್‌ರೇ ಚಿತ್ರವನ್ನು ಅಧ್ಯಕ್ಷರು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ. “ಎಷ್ಟು ಚೆನ್ನಾಗಿದೆಯಮ್ಮ” ಎಂದರು. ಅಗೆತ ಉಳಿಯಿತು ಎಂದುಕೊಂಡೆ. ಆಮೇಲೆ ಅವರೇ, “ಆದ್ರೆ ರಸ್ತೆ ವಿಷ್ಯ ಹೋದ ವರ್ಷವೇ ತೀರ್ಮಾನ ಆಗಿದೆಯಲ್ಲ. ನಾವು ಬಂದಿರೋದು ವರದಿಗೆ ಸಹಿ ಹಾಕೋಕೆ. ನಿಮಗೆ ಯಾರೂ ಹೇಳ್ಲಿಲ್ವಾ?” ಎಂದರು.

ಇಷ್ಟೇ. ಬೈದು ಬರೆ. ಕೈಯಲ್ಲಾಗಲಿ, ಟೈಪಿನಲ್ಲಾಗಲಿ.

ತಂಗಿ


ಮೇ ೨೧

ಅಣ್ಣ,

ನಿನ್ನಿಂದ ಉತ್ತರ ಬರಲಿಲ್ಲ. ಬಾರದಿರುವುದೇ ನ್ಯಾಯವೆಂದುಕೊಂಡು ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ, ಹಕ್ಕಿಯ ಚೂರುಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ನಿಮ್ಮೂರಿಗೆ ಬಂದಿದ್ದೆ. ಹೌದು, ಮೊನ್ನೆ. ಕಾವಲಿನವನು ಗುರುತು ಹಿಡಿದು ಒಳಗೆ ಬಿಟ್ಟ. ನೀನು ನೆಲಮಾಳಿಗೆಯಲ್ಲಿದ್ದೀಯೆಂದ.

ಎಕ್ಸ್‌ರೇ ಕೋಣೆಯ ಪಕ್ಕದ ಗಾಜಿನ ಆಚೆ ನಿಂತೆ. ನೀನು ಬೆಳಕಿನ ಪೆಟ್ಟಿಗೆಯ ಮುಂದೆ ಒಂದು ಫಿಲ್ಮು ಹಿಡಿದು ನಿಂತಿದ್ದೆ. ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆಯೇನೋ ಎಂದುಕೊಂಡೆ. ಫ್ಯಾನು ತಿರುಗುತ್ತಿರಲಿಲ್ಲ. ನೀನು ಕ್ಲಿಪ್ಪಿಗೆ ಸಿಕ್ಕಿಸಲು ನೋಡಿದೆ, ಆಗಲಿಲ್ಲ, ಮತ್ತೆ ನೋಡಿದೆ. ಮೇಡಂ ಬೇರೇನನ್ನೋ ಹುಡುಕುವವರ ಹಾಗೆ ಹತ್ತಿರ ಬಂದು, ನಿನ್ನ ಮುಖ ನೋಡದೆ ಫಿಲ್ಮು ತೆಗೆದುಕೊಂಡು ಸಿಕ್ಕಿಸಿದರು. ಆಮೇಲೆ ಅರ್ಧ ಲೋಟ ಕಾಫಿ ತಂದಿಟ್ಟರು. ನೀನು ಲೋಟವನ್ನು ಎತ್ತಲಿಲ್ಲ. ಬಗ್ಗಿ, ಬಾಯಿಯನ್ನೇ ಲೋಟದ ಹತ್ತಿರ ಒಯ್ದೆ.

ನಾನು ಒಳಗೆ ಬರಲಿಲ್ಲ. ಮೆಟ್ಟಿಲು ಹತ್ತಿ, ರಸ್ತೆ ದಾಟಿ, ಸಿಕ್ಕಿದ ಬಸ್ಸು ಹತ್ತಿದೆ. ಅತ್ತಿಗೆಯನ್ನೂ ನೋಡದೆ ಬಂದೆ.

ಎಷ್ಟು ದಿನದಿಂದ ಹೀಗೆ? ನನಗೆ ಯಾಕೆ ಹೇಳಲಿಲ್ಲ? ‘ಕೈಯಲ್ಲಿ ಬರೆಯಲೂ ಪುರುಸೊತ್ತಿಲ್ಲ’ ಎಂದು ನಾನು ಬರೆದದ್ದನ್ನು ಓದುವಾಗ ಕಾಗದ ಯಾರು ಹಿಡಿದಿದ್ದರು ಅಣ್ಣ?

ತಂಗಿ


ಜೂನ್ ೪

ನನ್ನ ಹೆಗ್ಗಣಕ್ಕೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಮಸಿಯಲ್ಲಿ ಬಿದ್ದ ಇರುವೆ ಎದ್ದು ಓಡಿದ ಹಾಗಿದೆ. ಓದಲು ಆಗದಿದ್ದರೆ ಅಳತೆಗಾರರಿಗೆ ತೋರಿಸು, ನಕ್ಷೆಯೆಂದಾದರೂ ಅರ್ಥವಾದೀತು. ಬೆಳಗ್ಗೆ ಔಷಧಿ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ನನ್ನ ಮಾತು ಕೇಳುತ್ತದೆ. ಆ ಹೊತ್ತಿನಲ್ಲಿ ದಿನಕ್ಕಿಷ್ಟೆಂದು ಬರೆಯುತ್ತಿದ್ದೇನೆ.

ಹೋದ ವರ್ಷ ಬಲಗೈಯ ಹೆಬ್ಬೆರಳಿನಲ್ಲಿ ನಡುಕ ಶುರುವಾಯಿತು. “ಹೆಚ್ಚಾಗ್ತಾ ಹೋಗತ್ತೆ, ನಿಧಾನ ಮಾಡಬಹುದು, ನಿಲ್ಲಿಸೋಕೆ ಆಗಲ್ಲ” ಎಂದರು ಡಾಕ್ಟರು. ಮ್ಯೂಸಿಯಂನಲ್ಲಿ ಎಕ್ಸ್‌ರೇ ಮೇಡಂಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಜನವರಿಯ ಪತ್ರವನ್ನು ಹೇಗೋ ನಾನೇ ಬರೆದೆ, ಆ ಟೈಪಿನ ಪತ್ರ ನಿನ್ನ ಅತ್ತಿಗೆ ಹೊಡೆದದ್ದು. ಹೊಡೆಯುವಾಗ, “ತಂಗಿಗೆ ಹೇಳೋಕೇನ್ರೀ ನಾಚಿಕೆ? ಒಂದು ಸಾಲು ಸೇರಿಸ್ತೀನಿ ಬಿಡಿ” ಎಂದಳು. ಬೇಡವೆಂದು ಗದರಿದೆ. ನಿನ್ನ ಪತ್ರ ಅವಳೇ ಓದಿ ಹೇಳಿದಳು. ನಡುವೆ ಒಂದು ಕಡೆ ನಿಲ್ಲಿಸಿ, ಕೆಮ್ಮಿ, ಮುಂದಕ್ಕೆ ಓದಿದಳು.

‘ಬಿಡಿಸಲು ಆಗುವುದಿಲ್ಲ’ ಎಂದು ಬರೆಸಿದೆ. ‘ನನ್ನಿಂದ ಬಿಡಿಸಲು ಆಗುವುದಿಲ್ಲ’ ಎನ್ನಬೇಕಿತ್ತು. ಇನ್ನೂ ಇದೆ. ಬಿಡಿಸಬಲ್ಲವಳು ಒಬ್ಬಳಿದ್ದಾಳೆ. ನನ್ನ ಹತ್ತಿರವೇ ಕಲಿತವಳು. ನನ್ನ ಪದ್ಧತಿ ಹಳತಾಯಿತೆಂದು ಜಗಳವಾಡಿ ಬೇರೆ ಊರಿನ ಪ್ರಯೋಗಾಲಯಕ್ಕೆ ಹೋದವಳು. ಅವಳಾದರೆ ಗಡ್ಡೆಯನ್ನು ಅಡಿಯಿಂದ ತೆರೆದು, ಒಳಗಿನಿಂದ ಅಂಟು ಕೊಟ್ಟು ಗಟ್ಟಿ ಮಾಡಿ, ಒಂದು ವರ್ಷ ಹಿಡಿದರೂ ಅರ್ಧ ಹಕ್ಕಿಯನ್ನಾದರೂ ಹೊರಗೆ ತರುತ್ತಿದ್ದಳು. ಫಿಲ್ಮು ನೋಡಿದ ದಿನವೇ ಅವಳ ನೆನಪಾಯಿತು. ಬಾಯಿ ಬರಲಿಲ್ಲ. ನನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ರಸ್ತೆಯ ಸಂಗತಿ ನೀನು ಹೇಳಿದ್ದರೆ, ನಾನೇ ಆ ಫಿಲ್ಮು ಹಿಡಿದು ಸಮಿತಿಯ ಮುಂದೆ ಬಂದು ನಿಲ್ಲುತ್ತಿದ್ದೆ. ಏನೂ ಪ್ರಯೋಜನವಾಗುತ್ತಿರಲಿಲ್ಲವೆಂದು ಈಗ ಗೊತ್ತು. ಆದರೆ ಜೊತೆಗೆ ನಿಂತಿರುತ್ತಿದ್ದೆ.

ನಿನ್ನದೇನೂ ತಪ್ಪಿಲ್ಲ ಎಂದು ಬರೆದು ಹೊಡೆದುಹಾಕಿದೆ. ನೀನು ನಂಬುವವಳಲ್ಲ. ತಪ್ಪಿತ್ತು. ನನ್ನದು ನಿನಗಿಂತ ಮೊದಲೇ ಶುರುವಾಗಿತ್ತು, ಅಷ್ಟೇ ವ್ಯತ್ಯಾಸ.

ಗಾಜಿನ ಆಚೆಯವರೆಗೂ ಬಂದು ಹಿಂದಿರುಗಿದ್ದೀಯ. ಅದಕ್ಕೆ ಮಾತ್ರ ಬೈಯುತ್ತೇನೆ.

ಅಣ್ಣ


ಜೂನ್ ೨೩

ಪ್ರೀತಿಯ ಅಣ್ಣ,

ಪತ್ರವನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ನಿಧಾನವಾಗಿ ಓದಿದೆ.

ನಿನ್ನ ಶಿಷ್ಯೆಗೆ ಬರೆದು, ಚೂರುಗಳ ಫೋಟೋ ಕಳಿಸಿದ್ದೆ. ನೇರವಾಗಿ ಹೇಳಿದರು: ಜೋಡಿಸುವಂಥದ್ದೇನೂ ಉಳಿದಿಲ್ಲ, ಇನ್ನು ಆ ಹಕ್ಕಿ ಇರುವುದು ಎಕ್ಸ್‌ರೇಯಲ್ಲಿ ಮಾತ್ರ. ಕೊನೆಯಲ್ಲಿ, ಸರ್ ಹೇಗಿದ್ದಾರೆ ಎಂದು ಕೇಳಿದ್ದಾರೆ. ನಿನ್ನ ಸಂಗತಿ ನಾನು ಬರೆದಿಲ್ಲ. ಅದನ್ನು ನೀನೇ ಬರೆಯಬೇಕು.

ಗುಂಡಿಗಳಿಗೆ ಮರಳು ತುಂಬಿದ್ದಾಯಿತು. ಡೇರೆಗಳು ಇಳಿದವು. ಅಡುಗೆಯಾಕೆಗೆ ರಸ್ತೆ ಕೆಲಸದವರ ಅಡುಗೆಮನೆಯಲ್ಲೇ ಕೆಲಸ ಸಿಕ್ಕಿದೆ, ಬೇಜಾರಿನಿಂದಲೇ ಒಪ್ಪಿಕೊಂಡರು. ಯಂತ್ರಗಳು ಆಚೆ ದಿಬ್ಬದ ಮೇಲೆ ಸಾಲಾಗಿ ನಿಂತಿವೆ. ನನಗೆ ಮುಂದಿನ ಕೆಲಸ ಎಲ್ಲೆಂದು ಸದ್ಯಕ್ಕೆ ಗೊತ್ತಾಗಿಲ್ಲ.

ಉಗ್ರಾಣದ ನಿಯಮದ ಪ್ರಕಾರ ಮೂಳೆ ಮೂಳೆಯ ಬೀರುವಿಗೆ, ಕಂಚು ಕಂಚಿನ ಬೀರುವಿಗೆ ಹೋಗಬೇಕು. ಉಗ್ರಾಣದವರು ಚೂರುಗಳ ಡಬ್ಬಿ ನೋಡಿ, “ಇದು ಕಂಚೂ ಅಲ್ಲ, ಮಣ್ಣೂ ಅಲ್ಲ. ಏನಂತ ಬರ್ಕೊಳ್ಳಲಿ?” ಎಂದರು. ಮಗುವಿನ ಮೂಳೆಗಳ ಪೆಟ್ಟಿಗೆಯಲ್ಲೇ ಇಟ್ಟುಬಿಡಿ ಎಂದೆ. ಅವರು ನನ್ನ ಮುಖ ನೋಡಿ ಮುಚ್ಚಳ ತೆಗೆದರು. ಬಲಗೈಯ ಹತ್ತಿರ ಇಟ್ಟೆ. ಮೊದಲಿದ್ದ ಹಾಗೆ ಇಡಲು ನನ್ನಿಂದ ಆಗಲಿಲ್ಲ.

ಗುರುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಈ ಸಲ ಗಾಜಿನ ಆಚೆ ಅಲ್ಲ, ಮನೆಗೆ. ನಿಮ್ಮ ಮುಂಬಾಗಿಲಿನ ಅಗುಳಿ ಬಿಗಿಯೆಂದು ಗೊತ್ತು. ಬೆಲ್ಲು ಮಾಡಿದಾಗ ಅತ್ತಿಗೆಯನ್ನು ಕಳಿಸಬೇಡ. ನೀನೇ ಬಂದು ತೆಗೆ. ನಾನು ಹೊರಗೆ ನಿಂತಿರುತ್ತೇನೆ.

ನಿನ್ನ ಹೆಗ್ಗಣ